ಪಂಪ್‌ಮನೆ ಗೋಡೆಯ ದ್ರಾಕ್ಷಿ

ಫೆಬ್ರುವರಿ ೧೧, ಮಧ್ಯಾಹ್ನ

ಪ್ರೀತಿಯ ಕಣಜ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಏನೆಂದು ಬರೆಯಲು ಹೋದರೂ ಪೆನ್ನು ಮುಂದೆ ಹೋಗಲಿಲ್ಲ. ಚಿಕ್ಕವರಿದ್ದಾಗ ನೀನು ಮಾತುಮಾತಿಗೆ ಕುಟುಕುತ್ತಿದ್ದೆ, ನಾನು ಉದ್ದ ಕಾಲು ಎತ್ತಿ ಹಾಕಿಕೊಂಡು ನಿನ್ನ ಹಿಂದೆಯೇ ಬರುತ್ತಿದ್ದೆ. ಹಾಗಾಗಿ ನೀನು ಕಣಜ, ನಾನು ಕೊಕ್ಕರೆ. ಈ ಪತ್ರ ಓದಿದ ಮೇಲೂ ನೀನು ಕುಟುಕಬೇಕು. ಸುಮ್ಮನಿದ್ದುಬಿಟ್ಟರೆ ನನಗೆ ತಡೆಯಲಾಗದು.

ಸುತ್ತಿ ಬಳಸಿ ಹೇಳುವುದಿಲ್ಲ. ಆಚೆ ವರ್ಷ ಜೂನ್‌ನಲ್ಲಿ ನೀನು ಐದು ದ್ರಾಕ್ಷಿ ಎಲೆಗಳನ್ನು ಹೀರುಕಾಗದದ ನಡುವೆ ಇಟ್ಟು ಕಳಿಸಿದ್ದೆ. ಅಮ್ಮ ಪೇಪರಿನಲ್ಲಿ ಓದಿದ್ದಾಳೆ, ಎಲೆ ನೋಡಿ ಗಿಡದ ತಂದೆ ತಾಯಿ ಯಾರು ಅಂತ ಹೇಳ್ತಾರಂತೆ, ಡಬ್ಬದಲ್ಲಿರುವ ನಮ್ಮ ಬಳ್ಳಿ ಯಾವುದು ಅಂತ ನೋಡಿ ಹೇಳ್ತೀಯಾ ಎಂದು ಜೊತೆಯ ಪತ್ರದಲ್ಲಿ ನೀನು ಕೇಳಿದ್ದೆ. ಇಪ್ಪತ್ತೆಂಟು ವರ್ಷಗಳ ಮೇಲೆ ನಿನ್ನಿಂದ ಬಂದ ಮೊದಲ ಪತ್ರ ಅದು. ಅದಕ್ಕೆ ನಾನು ಎರಡು ಸಾಲು ಬರೆದೆ: ಎಲೆಗಳು ದಾರಿಯಲ್ಲೇ ಹಾಳಾಗಿದ್ದವು, ಪರೀಕ್ಷೆಯಲ್ಲಿ ಏನೂ ಬರಲಿಲ್ಲ.

ಅದು ಸುಳ್ಳು. ನೀನು ಒಣಗಿಸಿ ಕಳಿಸಿದ ಹಾಗೆ ನನ್ನ ಕೈಕೆಳಗಿನವರೂ ಒಣಗಿಸುವುದಿಲ್ಲ. ಎಲ್ಲವೂ ಬಂತು, ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬಂತು. ನಿಮ್ಮ ಡಬ್ಬದಲ್ಲಿದ್ದದ್ದು ಪಂಪ್‌ಮನೆ ಗೋಡೆಯ ಬಳ್ಳಿ. ನನ್ನ ಅಪ್ಪನಿಗೆ ಹೆಸರು ತಂದ 'ಕಾಡಿಗೆ' ದ್ರಾಕ್ಷಿಯ ತಾಯಿ ಅದೇ. ನಿನ್ನ ಅಪ್ಪ, ನನ್ನ ಮಾವ, ಹೇಳಿದ್ದು ಅಕ್ಷರಶಃ ನಿಜ. ಅವರು ಏನನ್ನೂ ಕದ್ದಿರಲಿಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಅರ್ಧ ಗೊತ್ತು. ಆಗ ನಿನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದರು, ನಾನು ಜಗಲಿಯ ಮೆಟ್ಟಿಲ ಮೇಲೆ ಇರುತ್ತಿದ್ದೆ. ಉಳಿದರ್ಧ ನನ್ನ ಹತ್ತಿರವಿದೆ.

ಹಣ್ಣಿನ ಸಂಶೋಧನಾ ಕೇಂದ್ರದ ಆ ಜೋಡಿ ಮನೆ ನಿನಗೆ ನೆನಪಿರಲೇಬೇಕು. ನಡುವೆ ಒಂದೇ ಗೋಡೆ, ಹಿತ್ತಲಲ್ಲಿ ಒಂದೇ ನಲ್ಲಿ. ನಮ್ಮಮ್ಮ ಒಲೆಯ ಮೇಲೆ ಏನಿಟ್ಟಿದ್ದಾಳೆ ಎಂದು ನಿನ್ನ ಅಮ್ಮ, ನನ್ನ ಅತ್ತೆ, ಮೂಗಿನಲ್ಲೇ ಹೇಳುತ್ತಿದ್ದರು. ನನ್ನ ಅಪ್ಪ ವಿಜ್ಞಾನಿ, ನಿನ್ನ ಅಪ್ಪ ತೋಟದ ಸಹಾಯಕ. ಅಂಗಿಯ ಜೇಬಿನಲ್ಲಿ ಸದಾ ಬಳ್ಳಿ ಸವರುವ ಕತ್ತರಿ ಇರುತ್ತಿದ್ದರಿಂದ ಇಡೀ ಕೇಂದ್ರಕ್ಕೆ ಅವರು 'ಕತ್ತರಿ', ನನಗೊಬ್ಬಳಿಗೆ ಮಾವ.

ದ್ರಾಕ್ಷಿ ಹೂವನ್ನು ನೀನು ಹತ್ತಿರದಿಂದ ನೋಡಿದ್ದೀಯೋ ಇಲ್ಲವೋ. ಸಾಸಿವೆ ಕಾಳಿನಷ್ಟೇ ಇರುತ್ತದೆ. ಅದು ಅರಳುವ ಮುಂಚೆ ಚಿಮಟದಲ್ಲಿ ಗಂಡು ಭಾಗ ಕಿತ್ತು, ಗೊಂಚಲಿಗೆ ಕಾಗದದ ಚೀಲ ಕಟ್ಟಿ, ಎರಡು ದಿನ ಬಿಟ್ಟು ಬೇರೆ ತಳಿಯ ಪರಾಗವನ್ನು ಕುಂಚದಲ್ಲಿ ಸವರಬೇಕು. ಅಪ್ಪನಿಗೆ ಆಗಲೇ ಹತ್ತಿರದ ದೃಷ್ಟಿ ಮಂದವಾಗಿತ್ತು, ತಾಳ್ಮೆಯಂತೂ ಮೊದಲಿನಿಂದಲೂ ಇರಲಿಲ್ಲ. ಯಾವುದಕ್ಕೆ ಯಾವುದನ್ನು ಕೂಡಿಸಬೇಕು ಎಂದು ಅವರು ಹಾಳೆಯಲ್ಲಿ ಬರೆದುಕೊಡುತ್ತಿದ್ದರು, ಮಾವ ಮಾಡುತ್ತಿದ್ದರು. ಆ ವರ್ಷದ ಹಾಳೆಯಲ್ಲಿ ಇದ್ದದ್ದು 'ದೊಡ್ಡ ಕೆಂಪು' ತಾಯಿ, ಬೀಜವಿಲ್ಲದ ಬಿಳಿ ದ್ರಾಕ್ಷಿ ತಂದೆ. ಮಾವ ಅದನ್ನೂ ಮಾಡಿದರು. ಊಟದ ಬಿಡುವಿನಲ್ಲಿ, ಯಾರೂ ಹೇಳದಿದ್ದರೂ, ಪಂಪ್‌ಮನೆ ಗೋಡೆಗೆ ಹಬ್ಬಿದ್ದ ಆ ಬಳ್ಳಿಯ ನಾಲ್ಕು ಗೊಂಚಲಿಗೂ ಅದೇ ಬಿಳಿಯ ಪರಾಗ ಸವರಿದರು. ಅದನ್ನು ಯಾರೂ ನೆಟ್ಟಿದ್ದಲ್ಲ. ಯಾರೋ ಉಗುಳಿದ ಬೀಜದಿಂದ ಹುಟ್ಟಿದ್ದು. ಹಣ್ಣು ಚಿಕ್ಕದು, ಹುಳಿ, ತುಂಬ ಬೀಜ. "ಇದರ ಹಣ್ಣು ಬಾಯಿಗೆ ಸೇರಲ್ಲ ಕೊಕ್ಕರೆ. ಆದ್ರೆ ಎಲೆ ನೋಡು, ಎಂಥಾ ಮಳೆಗೂ ಒಂದು ಚುಕ್ಕೆ ಬಿದ್ದಿಲ್ಲ" ಎಂದು ನನಗೆ ತೋರಿಸಿದ್ದರು. ನಾನು ಒಂದು ಹಣ್ಣು ತಿಂದು ಮುಖ ಸಿಂಡರಿಸಿದ್ದಕ್ಕೆ ತುಂಬ ನಕ್ಕಿದ್ದರು.

ಮೂರು ವರ್ಷದ ಮೇಲೆ, ಆ ನಾಲ್ಕು ಗೊಂಚಲಿನ ಬೀಜದಿಂದ ಬಂದು ಮಾವ ತೋಟದ ಸಾಲಿಗೆ ಸೇರಿಸಿದ್ದ ಒಂದು ಸಸಿ ಹಣ್ಣು ಬಿಟ್ಟಿತು. ಕಡುಕಪ್ಪು, ಸಿಹಿ, ಬೀಜವಿಲ್ಲ, ಎಲೆಗೆ ರೋಗವಿಲ್ಲ. ಹಿಸುಕಿದರೆ ಬೆರಳೆಲ್ಲ ಕಪ್ಪಾಗುತ್ತಿತ್ತು, ಅದಕ್ಕೆ ಮಾವ 'ಕಾಡಿಗೆ' ಎಂದು ಹೆಸರಿಟ್ಟರು. ಅಪ್ಪ ಸಾಲಿನ ಮಧ್ಯೆ ನಿಂತು ಒಂದು ಹಣ್ಣು ತಿಂದರು, ಇನ್ನೊಂದು ತಿಂದರು. ಮುಂದಿನ ವರ್ಷ ತಳಿ ನೋಂದಣಿಯಾಯಿತು. ತಾಯಿ ದೊಡ್ಡ ಕೆಂಪು, ತಂದೆ ಬಿಳಿ, ಅಭಿವೃದ್ಧಿಪಡಿಸಿದವರು ನನ್ನ ಅಪ್ಪ.

ಮಾವ ನಮ್ಮ ಜಗಲಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಅವರು ಕೂರಲಿಲ್ಲ. "ಸಾಹೇಬ್ರೇ, ಹೆಸರು ನಿಮ್ದೇ ಇರ್ಲಿ. ನಂದು ಹಾಕಿ ಅಂತ ಕೇಳೋಕೆ ಬಂದಿಲ್ಲ. ತಾಯಿ ಹೆಸರೊಂದು ಸರಿ ಹಾಕಿಬಿಡಿ. ಅದು ದೊಡ್ಡ ಕೆಂಪು ಅಲ್ಲ, ಪಂಪ್‌ಮನೆ ಬಳ್ಳಿ" ಎಂದರು. ಅಪ್ಪ ಪೇಪರಿನಿಂದ ತಲೆ ಎತ್ತದೆ "ನಿನಗೆ ಗೊತ್ತಿಲ್ಲದ ವಿಷಯಕ್ಕೆ ಬರಬೇಡ ಕತ್ತರಿ" ಎಂದರು.

ಆಗ ನನಗೆ ಅರ್ಥವಾಗಿರಲಿಲ್ಲ, ಅಷ್ಟು ಸಣ್ಣ ಮಾತಿಗೆ ಅಪ್ಪ ಯಾಕೆ ಹಟ ಹಿಡಿದರು ಎಂದು. ಈಗ ಗೊತ್ತು. ಪಂಪ್‌ಮನೆ ಬಳ್ಳಿ ಅವರ ಹಾಳೆಯಲ್ಲಿ ಇರಲೇ ಇಲ್ಲ. ತಾಯಿಯ ಹೆಸರು ಬದಲಿಸಿದರೆ, ಇದನ್ನು ಕೂಡಿಸಿದವರು ಯಾರು ಎಂದು ಕೇಳುತ್ತಿದ್ದರು.

ಮಾವ ಬರವಣಿಗೆಯಲ್ಲಿ ದೂರು ಕೊಟ್ಟರು. ವಿಚಾರಣೆಗೆ ಒಂದು ವಾರ ಇರುವಾಗ ಪೈಪ್ ರಿಪೇರಿ ಎಂದು ಪಂಪ್‌ಮನೆ ಗೋಡೆಯ ಬುಡ ಅಗೆದರು, ಬಳ್ಳಿ ಹೋಯಿತು. ಅದಕ್ಕೆ ಮುಂಚೆ ಅತ್ತೆ ಎರಡು ಕಡ್ಡಿ ಕತ್ತರಿಸಿ ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದರು. ಜಗಲಿಯ ಮೂಲೆಯಲ್ಲಿದ್ದ ಆ ಡಬ್ಬವನ್ನು ಅಪ್ಪ ನೋಡಿದರು. ವಿಚಾರಣೆಯಲ್ಲಿ ಅದು ಕಾಡಿಗೆಯ ಕಡ್ಡಿ, ತಳಿಯನ್ನು ರೈತರಿಗೆ ಬಿಡುಗಡೆ ಮಾಡುವ ಮುಂಚೆಯೇ ಕದ್ದು ಹೊರಗೆ ಸಾಗಿಸಲು ಇಟ್ಟುಕೊಂಡದ್ದು ಎಂದು ಬರೆದುಕೊಟ್ಟರು. ಚಿಗುರಿನಲ್ಲಿ ಆ ಎರಡನ್ನೂ ಬೇರೆ ಮಾಡಿ ಹೇಳುವುದು ಕಣ್ಣಿಗೆ ಸುಲಭವಲ್ಲ, ತಾಯಿ ಮಗಳಲ್ಲವೇ. ಹೇಳಬಲ್ಲ ಇಬ್ಬರಲ್ಲಿ ಒಬ್ಬರು ಆರೋಪಿ, ಇನ್ನೊಬ್ಬರು ಆರೋಪ ಮಾಡಿದವರು. ಮೇಲಧಿಕಾರಿಯ ಮೇಲೆ ಸುಳ್ಳು ದೂರು, ಸಸ್ಯ ಕಳವು ಎಂದು ಮಾವನನ್ನು ಕೆಲಸದಿಂದ ತೆಗೆದರು.

ನೀವು ಮನೆ ಖಾಲಿ ಮಾಡಿದ ದಿನ ನೀನು ಟ್ರಂಕಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದೆ. ಅತ್ತೆಯ ಮಡಿಲಲ್ಲಿ ಆ ಡಬ್ಬ ಇತ್ತು. ನಾನು ನಲ್ಲಿಯ ಹತ್ತಿರ ನಿಂತಿದ್ದೆ. ಕೈ ಬೀಸಬೇಕೆಂದು ಎತ್ತಿದೆ, ಅಪ್ಪ ಕಿಟಕಿಯಲ್ಲಿದ್ದಾರೆ ಅನ್ನಿಸಿ ತಲೆ ಕೆರೆದುಕೊಂಡೆ.

ನಾಲ್ಕು ವರ್ಷದ ಮೇಲೆ, ಹಣ್ಣಿನ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ ಮಾವ ಲಾರಿಯ ಮೇಲಿಂದ ಬಿದ್ದರು, ಮೂರನೆಯ ದಿನ ಹೋದರು ಎಂದು ನಮ್ಮ ಮನೆಗೆ ಯಾರೋ ಬಂದು ಹೇಳಿದರು. ಅವತ್ತು ಲಾರಿಯಲ್ಲಿ ಇದ್ದದ್ದು ಯಾವ ಹಣ್ಣು ಎಂದು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

ನಾನು ಓದಿ ಅದೇ ಕೇಂದ್ರಕ್ಕೆ ಬಂದೆ. ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿಲ್ಲ. ನರ್ಸರಿಯವರು ಒಂದು ತಳಿ ಎಂದು ಇನ್ನೊಂದನ್ನು ಮಾರಿದರೆ, ಹಣ್ಣು ಬಿಡುವವರೆಗೆ ಕಾಯದೆ ಎಲೆಯಿಂದಲೇ ಬೇರೆ ಮಾಡಿ ಹೇಳುವುದು ನಾವು. ಗಿಡದ ಒಂದೊಂದು ಜೀವಕೋಶದಲ್ಲೂ ಉದ್ದನೆಯ ಒಂದು ಬರಹ ಇದೆ ಅಂದುಕೋ. ಅದರಲ್ಲಿ ಕೆಲವು ಕಡೆ ಅದೇ ಎರಡಕ್ಷರ ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಒಂದು ತಳಿಯಲ್ಲಿ ಹನ್ನೆರಡು ಸಲ, ಇನ್ನೊಂದರಲ್ಲಿ ಹತ್ತೊಂಬತ್ತು ಸಲ. ಆ ಜಾಗಗಳನ್ನೇ ನಾವು ಗುರುತುಗಳು ಅನ್ನುತ್ತೇವೆ. ಪ್ರತಿ ಗುರುತಿನಲ್ಲೂ ಗಿಡಕ್ಕೆ ಎರಡು ಎಣಿಕೆ, ಒಂದು ತಾಯಿಯದು, ಒಂದು ತಂದೆಯದು. ಕಡ್ಡಿ ನೆಟ್ಟು ಬೆಳೆಸಿದ್ದಾದರೆ ಎಲ್ಲ ಎಣಿಕೆಯೂ ಮೂಲ ಬಳ್ಳಿಯದೇ. ಬೀಜದಿಂದ ಹುಟ್ಟಿದ್ದಾದರೆ ಪ್ರತಿ ಗುರುತಿನಲ್ಲೂ ತಾಯಿಯ ಒಂದು ಎಣಿಕೆ ಮಗಳಲ್ಲಿ ಇರಲೇಬೇಕು. ಒಂದು ಕಡೆ ತಪ್ಪಿದರೆ ಇನ್ನೊಮ್ಮೆ ನೋಡಬಹುದು. ಹತ್ತು ಕಡೆ ತಪ್ಪಿದರೆ ಅದು ತಾಯಿಯಲ್ಲ.

ಎಂಟು ವರ್ಷದ ಹಿಂದೆ ಕೇಂದ್ರದ ಎಲ್ಲ ತಳಿಗಳ ಗುರುತನ್ನೂ ದಾಖಲು ಮಾಡುವಾಗ ಕಾಡಿಗೆಯ ಸರದಿ ಬಂತು. ತಂದೆ ಬಿಳಿಯೇ, ಇಪ್ಪತ್ತು ಗುರುತಿನಲ್ಲೂ ಸರಿಹೋಯಿತು. ದೊಡ್ಡ ಕೆಂಪು ಹನ್ನೊಂದರಲ್ಲಿ ತಪ್ಪಿತು. ನಾನು ಆ ಹಾಳೆಯ ಬದಿಗೆ 'ಮಾದರಿ ಅದಲುಬದಲಾಗಿರಬಹುದು' ಎಂದು ಬರೆದು ಮುಂದಿನ ತಳಿಗೆ ಹೋದೆ. ಮಾದರಿ ತಂದದ್ದು ನಾನೇ, ಚೀಟಿ ಅಂಟಿಸಿದ್ದೂ ನಾನೇ. ಅದಲುಬದಲಾಗಿರಲಿಲ್ಲ.

ನಿನ್ನ ಎಲೆಗಳು ಬಂದಾಗ ಅಪ್ಪ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶ ಕೈಕೊಟ್ಟಿತ್ತು, ಮೂಗಿಗೆ ನಳಿಗೆ ಹಾಕಿದ್ದರು. ಬೆಳಗಿನ ಹೊತ್ತು, ನರ್ಸ್ ಹಾಸಿಗೆಯ ಬಟ್ಟೆ ಬದಲಿಸಿ ಹೋದ ಮೇಲೆ, ಕತ್ತರಿ ಮಾವನ ಮನೆಯಿಂದ ಎಲೆ ಕಳಿಸಿದ್ದಾರೆ ಎಂದು ಹೇಳಿದೆ. ಅವರು ಯಾವ ಎಲೆ ಎಂದು ಕೇಳಲಿಲ್ಲ ಕಣೇ. "ಒಣಗಿ ಹಾಳಾಗಿರುತ್ತೆ. ಏನೂ ಬರಲ್ಲ ಬಿಡು" ಎಂದರು.

"ಅಪ್ಪ, ಆ ಬಳ್ಳಿ ತಾಯಿನಾ?" ಎಂದು ಕೇಳಿದೆ.

"ಅವನು ಅದನ್ನ ಗೋಡೆ ಮೇಲೇ ಸಾಯಿಸ್ತಿದ್ದ. ಲಕ್ಷ ಜನರ ತೋಟಕ್ಕೆ ತಲುಪಿಸಿದ್ದು ನಾನು" ಎಂದರು. ಅಷ್ಟಕ್ಕೇ ಕೆಮ್ಮು ಹಿಡಿಯಿತು, ನಾನು ಬೆನ್ನು ತಿಕ್ಕಿದೆ. ಅವರು ನನಗೆ ಹೇಳಿದ ಕೊನೆಯ ಪೂರ್ತಿ ವಾಕ್ಯ ಅದು. ಆಮೇಲಿನದೆಲ್ಲ ನೀರು, ದಿಂಬು, ಅಮ್ಮನ್ನ ಕರಿ, ಇಷ್ಟೇ.

ನಿನಗೆ ಬರೆದ ಉತ್ತರ ಅವರ ಬಾಯಿಂದ ಬಂದದ್ದೇ ಎಂದು ಈಗ ಗೊತ್ತಾಗಿರಬೇಕು.

ಫಲಿತಾಂಶ ಬಂದಾಗ ಅವರು ಅದೇ ಹಾಸಿಗೆಯಲ್ಲಿದ್ದರು. ಉಸಿರಿಗಾಗಿ ಒದ್ದಾಡುತ್ತಿರುವ ಮನುಷ್ಯನನ್ನು ಇಟ್ಟುಕೊಂಡು ನಾನು ಆ ಕಾಗದವನ್ನು ಹೇಗೆ ಹೊರಗೆ ತರಲಿ, ನೀನೇ ಹೇಳು. ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದೆ. ಜುಲೈ ಹತ್ತೊಂಬತ್ತಕ್ಕೆ ಅಪ್ಪ ಹೋದರು. ಮನೆ ತುಂಬ ಜನ, ಬಂದವರೆಲ್ಲ ಕಾಡಿಗೆ ದ್ರಾಕ್ಷಿಯನ್ನೇ ಹೊಗಳುವವರು. ಆ ಮಾತುಗಳ ನಡುವೆ ಧೈರ್ಯ ಬರಲಿಲ್ಲ. ಆಗಸ್ಟ್ ನಾಲ್ಕಕ್ಕೆ ನಿನಗೆ ಆ ಎರಡು ಸಾಲು ಬರೆದೆ.

ಹೋದ ಏಪ್ರಿಲ್‌ನಲ್ಲಿ ನಿನ್ನ ಕಾರ್ಡು ಬಂತು. ನೀನು ಬರೆದಿದ್ದೆ: ಅಮ್ಮ ಹೋದಳು, ಅವಳು ಆಸ್ಪತ್ರೆಯಲ್ಲಿದ್ದ ಹದಿನೈದು ದಿನ ನೀರು ಹಾಕಲು ಆಗಲಿಲ್ಲ, ಡಬ್ಬದ ಬಳ್ಳಿಯೂ ಒಣಗಿತು, ಮನೆ ಮಾಲೀಕರು ಬಿಸಾಡಿಬಿಟ್ಟರು. ಕೊನೆಗೆ ಇನ್ನೊಂದು ಸಾಲು: ಅವತ್ತು ಎಲೆ ಕಳಿಸಿ ನಿನಗೆ ಸುಮ್ಮನೆ ತೊಂದರೆ ಕೊಟ್ಟೆವು, ಬೇಜಾರು ಮಾಡಿಕೊಳ್ಳಬೇಡ.

ಆ ಕಾರ್ಡನ್ನು ಲ್ಯಾಬಿನಲ್ಲಿ ನಿಂತೇ ಓದಿದೆ. ಸುತ್ತ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಒಬ್ಬ ಹುಡುಗಿ ಬಂದು "ಮೇಡಂ, ಈ ಮಾದರಿ ಎಲ್ಲಿಡಲಿ?" ಎಂದು ಮೂರು ಸಲ ಕೇಳಿದಳಂತೆ. ನೀನು ನನ್ನ ಕ್ಷಮೆ ಕೇಳುವುದೇ, ಕಣಜ?

ಮಾರನೆಯ ದಿನವೇ ವರದಿ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಅವರು ಒಳ್ಳೆಯವರೇ, ಪೂರ್ತಿ ಓದಿದರು. "ಮೇಡಂ, ಅವರೂ ಇಲ್ಲ, ಇವರೂ ಇಲ್ಲ. ಈಗ ಇದು ಯಾರಿಗೆ ಬೇಕಾಗಿದೆ?" ಎಂದರು. ನನಗೆ ಬೇಕು ಎಂದೆ. ನೋಂದಣಿ ತಿದ್ದಬೇಕು, ತಾಯಿಯ ಹೆಸರೂ ಮಾವನ ಹೆಸರೂ ಸೇರಬೇಕು, ಕಳವಿನ ಆರೋಪ ತೆಗೆಯಬೇಕು ಎಂದು ಅರ್ಜಿ ಬರೆದುಕೊಟ್ಟೆ. ಸಮಿತಿ ಮಾಡಿದರು.

ನನ್ನ ಅಮ್ಮನಿಗೆ ನಾನೇ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಒಂದು ಸಲ ಸತ್ತಿದ್ದು ಸಾಲದಾ ನಿಮ್ಮಪ್ಪ? ನೀನೊಂದು ಸಲ ಸಾಯಿಸಬೇಕಾ?" ಎಂದಳು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ತಟ್ಟೆ ಬಡಿಸಿ ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾಳೆ.

ಸಮಿತಿಯಲ್ಲಿ ಮೂವರು. ಅವರು ಬೇರೆ ಲ್ಯಾಬಿನಲ್ಲಿ ಕಾಡಿಗೆಯನ್ನೂ ದೊಡ್ಡ ಕೆಂಪನ್ನೂ ಮತ್ತೆ ಪರೀಕ್ಷೆ ಮಾಡಿಸಿದರು. ನನ್ನದೇ ಫಲಿತಾಂಶ ಬಂತು, ಹನ್ನೊಂದು ಕಡೆ ತಪ್ಪು. ಇನ್ನು ಪಂಪ್‌ಮನೆ ಬಳ್ಳಿಯದು. ಅವರಲ್ಲಿ ವಯಸ್ಸಾದವರೊಬ್ಬರು, ಗಟ್ಟಿಯಾಗಿ ಮಾತಾಡದವರು, ನನ್ನನ್ನು ಕೇಳಿದರು.

"ಈ ಬಳ್ಳಿ ಈಗ ಎಲ್ಲಿದೆ?"

"ಒಣಗಿ ಹೋಯ್ತು ಸಾರ್."

"ಯಾವಾಗ?"

"ಹೋದ ಏಪ್ರಿಲ್‌ನಲ್ಲಿ."

"ಎಲೆ ನಿಮ್ಮ ಕೈಗೆ ಬಂದದ್ದು?"

"ಅದಕ್ಕೆ ಹತ್ತು ತಿಂಗಳ ಮುಂಚೆ."

"ಹತ್ತು ತಿಂಗಳು ಏನು ಮಾಡ್ತಿದ್ರಮ್ಮ?"

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬೇರೆಯವರು ಹೋಗಿ ಎಲೆ ಕಿತ್ತು ತಂದು ನೋಡಲು ಗಿಡವೇ ಇಲ್ಲ, ಕಳಿಸಿದವರು ಆರೋಪಿಯ ಮಗಳು, ಪರೀಕ್ಷೆ ಮಾಡಿದವರು ಆರೋಪ ಹೊರಿಸಿದವರ ಮಗಳು, ಇದನ್ನು ಹೇಗೆ ಒಪ್ಪಲಿ ಎಂದು ಕೇಳಿದರು. ನ್ಯಾಯವಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೋದ ವಾರ ತೀರ್ಮಾನ ಬಂತು. ನೋಂದಣಿಯಲ್ಲಿ ದೊಡ್ಡ ಕೆಂಪಿನ ಹೆಸರು ಹೊಡೆದುಹಾಕಿದ್ದಾರೆ. ಆ ಜಾಗದಲ್ಲಿ 'ತಾಯಿ: ತಿಳಿದಿಲ್ಲ' ಎಂದು ಬರೆದಿದ್ದಾರೆ. ಅಪ್ಪನ ಹೆಸರು ಹಾಗೇ ಇದೆ. ಕಳವಿನ ಮಾತನ್ನು ಮತ್ತೆ ತೆರೆಯಲು ಆಧಾರ ಸಾಲದಂತೆ. ಮಾವ ಜಗಲಿಯಲ್ಲಿ ನಿಂತು ಕೇಳಿದ್ದು ಒಂದೇ ಒಂದು, ಅದೂ ಆಗಲಿಲ್ಲ.

ಎಣ್ಣೆ ಡಬ್ಬದಲ್ಲಿ, ಮೂರು ಬಾಡಿಗೆ ಮನೆಗಳ ಕಿಟಕಿಯಲ್ಲಿ, ಅತ್ತೆ ಮೂವತ್ತು ವರ್ಷ ಬದುಕಿಸಿದ್ದ ಬಳ್ಳಿ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ನಮ್ಮ ಫ್ರೀಜರಿನ ಒಂದು ಕೊಳವೆಯಲ್ಲಿ, ಕಣ್ಣೀರಿನ ಒಂದು ಹನಿಯಷ್ಟು ನೀರಿನಲ್ಲಿ, ಅದರ ಬರಹ ಮಾತ್ರ ಇದೆ. ಅದನ್ನು ಓದಬಹುದು, ನೆಡಲು ಬರುವುದಿಲ್ಲ.

ಲ್ಯಾಬಿನ ಮುಖ್ಯಸ್ಥೆಯ ಹುದ್ದೆಗೆ ಸೋಮವಾರ ರಾಜೀನಾಮೆ ಕೊಟ್ಟೆ. ಇದನ್ನು ತ್ಯಾಗ ಎಂದು ನೀನು ತಿಳಿಯಬಾರದು. ಆ ಕೋಣೆಯ ಬಾಗಿಲು ತೆರೆದರೆ ಎದುರಿಗೆ ಅಪ್ಪನ ಫೋಟೋ, ಕೈಯಲ್ಲಿ ಗೊಂಚಲು ಹಿಡಿದದ್ದು. ಅದರ ಕೆಳಗೆ ಕೂತು ಕೆಲಸ ಮಾಡಲು ಆಗುತ್ತಿರಲಿಲ್ಲ, ಅಷ್ಟೆ.

ನಿನ್ನ ಹತ್ತಿರ ಏನನ್ನೂ ಕೇಳಲು ಬರೆಯುತ್ತಿಲ್ಲ. ಮೂಲ ವರದಿಯನ್ನೇ ಇದರ ಜೊತೆ ಇಡುತ್ತಿದ್ದೇನೆ. ಎಡಗಡೆಯ ಸಾಲು ಕಾಡಿಗೆ, ಬಲಗಡೆಯದು ನಿಮ್ಮ ಬಳ್ಳಿ. ಒಂದೊಂದು ಗುರುತಿನ ಎದುರಿಗೂ ಹೊಂದುವ ಎಣಿಕೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ, ಇಪ್ಪತ್ತಕ್ಕೆ ಇಪ್ಪತ್ತು. ಸಮಿತಿ ಒಪ್ಪದಿದ್ದರೂ ನಿನ್ನ ಮನೆಯಲ್ಲಿ ಇದು ಇರಲಿ. ನಿನ್ನ ಮಕ್ಕಳು ಅಜ್ಜ ಯಾರು ಎಂದು ಕೇಳಿದರೆ ತೋರಿಸು. ಅತ್ತೆಗೆ ತೋರಿಸಬೇಕಿತ್ತು. ಆ ಒಂದು ಮಾತು ನನ್ನನ್ನು ಬಿಡುವುದಿಲ್ಲ, ಬಿಡಲೂಬಾರದು.

ನೀನು ಪತ್ರದಲ್ಲಿ ಹೇಳಿದ್ದ ಆ ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಉಜ್ಜಿ ಉಜ್ಜಿ ನಿನ್ನ ಬೆರಳು ಬಿರಿದಿರುತ್ತವೆ. ನೋಡಿಕೋ.

ಹಿಂದೆ ಹಿಂದೆಯೇ ಬಂದು, ಬೇಕಾದಾಗ ನಿಂತುಬಿಟ್ಟ
ನಿನ್ನ ಕೊಕ್ಕರೆ

ತಾ.ಕ.: ಲಕೋಟೆಗೆ ಹಾಕಲು ವರದಿ ಮಡಚುವಾಗ ಅದರ ಕೆಳಗಿನ ತಾರೀಖು ಕಣ್ಣಿಗೆ ಬಿತ್ತು. ಆ ತುದಿಯನ್ನು ಕತ್ತರಿಸಿಬಿಡೋಣ ಅಂತಲೂ ಒಂದು ಗಳಿಗೆ ಅನ್ನಿಸಿತು. ನಿನ್ನ ಕಣ್ಣಿಗೆ ಅದು ತಪ್ಪುವುದಿಲ್ಲ, ನಾನೇ ಹೇಳುತ್ತೇನೆ. ಅದರಲ್ಲಿರುವುದು ಜುಲೈ ೩೧. ಅಪ್ಪ ಹೋಗಿ ಹನ್ನೆರಡು ದಿನ ಆಗಿತ್ತು. ಅವರು ಆಸ್ಪತ್ರೆಯಲ್ಲಿ ಇರುವಷ್ಟು ದಿನ ನಾನು ನಿನ್ನ ಎಲೆಗಳನ್ನು ಮುಟ್ಟಿರಲೇ ಇಲ್ಲ. ಪರೀಕ್ಷೆ ಮಾಡಿದಾಗ ಕಾಪಾಡಬೇಕಾದವರು ಯಾರೂ ಉಳಿದಿರಲಿಲ್ಲ. ಅತ್ತೆ ಇದ್ದರು, ಬಳ್ಳಿ ಇತ್ತು. ಆಗಸ್ಟ್ ಎಂಟಕ್ಕೆ ಮುಖ್ಯಸ್ಥೆಯ ಹುದ್ದೆಯ ಸಂದರ್ಶನ ಇತ್ತು, ನಿನಗೆ ಬರೆದದ್ದು ಅದಕ್ಕೆ ನಾಲ್ಕು ದಿನ ಮುಂಚೆ. ಅಲ್ಲಿ ಎಲ್ಲಕ್ಕಿಂತ ಮೊದಲು ಅಪ್ಪನ ಕಾಡಿಗೆ ದ್ರಾಕ್ಷಿಯ ಬಗ್ಗೆ ಮಾತಾಡಿ ಎಂದರು, ಇಪ್ಪತ್ತು ನಿಮಿಷ ಮಾತಾಡಿದೆ. ಅದರ ತಾಯಿ ಯಾವುದು ಎಂದು ಒಬ್ಬರು ಕೇಳಿದರು. ದೊಡ್ಡ ಕೆಂಪು ಎಂದೆ.